ಸಮಾಧಿಗೀತವೂ ಜೂಜಿನ ನಗರವೂ

ಸಂಸ್ಕೃತ ನಾಟಕಕ್ಕೆ ನಾಂದಿಯುಂಟು, ಯಕ್ಷಗಾನಕ್ಕೆ ಗಣಪತಿಸ್ತುತಿಯುಂಟು, ಆಟ ಮುಗಿದ ಮೇಲೆ ಮಂಗಳವುಂಟು. ಮಂಗಳವನ್ನು ಹಾಡಿ ಆಟವನ್ನು ಆರಂಭಿಸಿದರೆ ಸಭೆಯು ಕಸಿವಿಸಿಗೊಳ್ಳದಿರದು. ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿಯು 1995ರಲ್ಲಿ ಹೊರತಂದ ‘ಕೆಸಿನೊ’ ಎಂಬ ಚಲಚ್ಚಿತ್ರದಲ್ಲಿ ನಡೆದಿರುವುದು ಇಂತಹುದೇ ಒಂದು ವ್ಯತ್ಯಾಸ. ಲಾಸ್ ವೇಗಸ್ ನಗರದ ಜೂಜಿನ ಮಂದಿರಗಳನ್ನೂ ಅವುಗಳ ಬೆನ್ನಿಗೆ ನಿಂತ ಪಾತಕಿಗಳ ಕೂಟವನ್ನೂ ಕುರಿತ ಈ ಚಿತ್ರಕ್ಕೆ ನಾಂದಿಯಾಗಿ ಒದಗಿರುವುದು ಬಾಖ್ ಮಹಾಶಯನ ‘ಸಂತ ಮತ್ತಾಯನ ಪ್ಯಾಶನ್’ ಎಂಬ ಕ್ರೈಸ್ತ ಕಥಾಗಾನದ ಕಟ್ಟಕಡೆಯ ವೃಂದಗೀತ.

ಜೂಜುಮಂದಿರದ ಮೇಲ್ವಿಚಾರಕನಾದ ಸ್ಯಾಮ್ ರಾಥ್‌ಸ್ಟೈನನು ತನ್ನ ಮೋಟಾರು ಗಾಡಿಯನ್ನು ಹತ್ತಿ ಕೀಲಿಯನ್ನು ತಿರುಗಿಸುತ್ತಾನೆ. ಪ್ರೀತಿ ನಂಬಿಕೆಗಳನ್ನು ಕುರಿತ ಅವನ ಮಾತು ಆಗತಾನೆ ಕೇಳಿಬಂದಿರುತ್ತದೆ. ಗಾಡಿಯು ಸಿಡಿಯುತ್ತದೆ, ಗಾನವು ಏಳುತ್ತದೆ. ಸಾಲ್ ಬಾಸ್, ಎಲೇನ್ ಬಾಸ್ ದಂಪತಿಗಳು ರಚಿಸಿದ ಈ ನಾಮಾವಳಿಯಲ್ಲಿ ಆ ಮನುಷ್ಯನ ಕಪ್ಪು ಆಕೃತಿಯು ಉರಿಯ ನಡುವೆ ಉರುಳುತ್ತ ಸಾಗುತ್ತದೆ. ಉರಿಯೇ ನಗರದ ಬಣ್ಣದ ದೀಪಗಳಾಗಿ, ದೀಪಗಳೇ ಮತ್ತೆ ಉರಿಯಾಗಿ ತೋರುತ್ತವೆ. ನೋಡುವುದಕ್ಕೆ ಬಹು ಸೊಗಸು. ಸೊಗಸಾಗಿರುವುದರಿಂದಲೇ ಸಂದೇಹಕ್ಕೂ ಎಡೆಯುಂಟು. ಹೆಣ್ಣು, ಹೊನ್ನು, ಕೊಲೆಗಳ ಕಥೆಗೆ ಇಷ್ಟು ದೊಡ್ಡ ಸಂಗೀತವನ್ನು ತಂದು ಹೊದಿಸುವುದು ಹಳೆಯ ಪೆಟ್ಟಿಗೆಗೆ ಜರತಾರಿಯನ್ನು ಹೊದಿಸಿದಂತಲ್ಲವೆ?

ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಮೂಲಗೀತದ ಸ್ವರೂಪವನ್ನು ಅರಿಯಬೇಕು. ಲೈಪ್ಸಿಗ್ ಪಟ್ಟಣದ ಸಂತ ತೋಮಾಸನ ಗುಡಿಯಲ್ಲಿ 1727ರ ಶುಭ ಶುಕ್ರವಾರದಂದು ಈ ಕೃತಿಯು ಮೊದಲು ಕೇಳಿಬಂದಿತೆಂದು ವಿದ್ವಾಂಸರು ಎಣಿಸುತ್ತಾರೆ. ಎರಡು ಗಾಯಕವೃಂದ, ಎರಡು ವಾದ್ಯವೃಂದ, ನಡುವೆ ಗುರುವಿನ ಉಪದೇಶ. ಗಾನವೇ ಎರಡೂವರೆ ಗಂಟೆಯ ಮೇಲಾಗುತ್ತದೆ. ಕ್ರಿಸ್ತನು ಸೆರೆಸಿಕ್ಕಿ, ವಿಚಾರಣೆಗೊಳಗಾಗಿ, ಶಿಲುಬೆಯಲ್ಲಿ ಮಡಿದ ಮೇಲೆ ಭಕ್ತರು ಗೋರಿಯ ಬಳಿ ಕಣ್ಣೀರಿನೊಡನೆ ಕುಳಿತು, ಮಲಗಿದವನಿಗೆ ನೆಮ್ಮದಿಯನ್ನು ಹಾರೈಸುತ್ತಾರೆ. ಮೂರು ಎಣಿಕೆಯ ನಿಧಾನದ ನಡೆ. ಹಳೆಯ ನರ್ತನವೊಂದರ ತೂಗಾಟ ಅದರಲ್ಲಿದೆ. ತಾಯಿಯು ತೊಟ್ಟಿಲನ್ನು ತೂಗಿದಂತೆಯೂ ಆಗುತ್ತದೆ, ಶವವನ್ನು ಇಳಿಸಿದಂತೆಯೂ ಆಗುತ್ತದೆ. ಅದರ ಸಾಹಿತ್ಯದಲ್ಲಿ ಅಳುವವನು ಒಬ್ಬನಲ್ಲ, ಒಂದು ಸಮೂಹ. ಆ ಸಮೂಹವು ಬರಿಯ ಸಾಕ್ಷಿಯಲ್ಲ. ಈ ಮರಣಕ್ಕೆ ತನ್ನ ಪಾಪವೂ ಕಾರಣವೆಂದು ಕಥೆಯುದ್ದಕ್ಕೂ ಒಪ್ಪಿಕೊಂಡು ಬಂದಿರುವಂಥದು.

ಗುಡಿಯ ಗೀತವು ಚಿತ್ರಮಂದಿರಕ್ಕೆ ಬಂದಿತೆಂದು ಮರುಗುವುದರಲ್ಲಿ ಸಾರವಿಲ್ಲ. 1829ರಲ್ಲಿ ತರುಣ ಮೆಂಡೆಲ್ಸನ್ನನು ಬರ್ಲಿನಿನಲ್ಲಿ ಇದಕ್ಕೆ ಮರುಹುಟ್ಟು ಕೊಟ್ಟಾಗಲೇ ಅದು ಪೂಜೆಯಿಂದ ಕಚೇರಿಗೆ ಬಂದಾಗಿತ್ತು. ವಿಚಾರಿಸಬೇಕಾದುದು ಬೇರೆ: ಅಳುವ ಸಮೂಹವು ಚಿತ್ರದಲ್ಲಿ ಯಾರು? ಯಾರಿಗಾಗಿ ಅಳುತ್ತದೆ?

ಇದೇ ಗೀತವನ್ನು ಸ್ಕಾರ್ಸೆಸಿಗಿಂತ ಮೂವತ್ತನಾಲ್ಕು ವರ್ಷ ಮುಂಚೆ ನಾಮಾವಳಿಗೆ ಬಳಸಿದವನು ಇಟಲಿಯ ಕವಿ ಪಾಸೊಲೀನಿ. ‘ಅಕ್ಕತ್ತೋನೆ’ (1961) ಅವನ ಮೊದಲ ಚಿತ್ರ. ರೋಮಿನ ಹೊರಗೇರಿಯಲ್ಲಿ ಹೆಣ್ಣಿನ ಸಂಪಾದನೆಯಿಂದ ಹೊಟ್ಟೆಹೊರೆಯುವ ಸೋಮಾರಿಯೊಬ್ಬ ಅದರ ನಾಯಕ. ಅಲ್ಲಿ ಸಿಡಿಮದ್ದಿಲ್ಲ, ಬಣ್ಣವಿಲ್ಲ. ಬರಿಯ ಹೆಸರುಗಳು, ಜೊತೆಗೆ ಬಾಖ್. ಹಿಂದೆಯೇ ಡಾಂಟೆಯ ‘ಪುರ್ಗತೋರಿಯೊ’ದ ಐದನೆಯ ಸರ್ಗದಿಂದ ಆಯ್ದ ಸಾಲುಗಳು. ಸಾಯುವಾಗ ಸುರಿಸಿದ ಒಂದೇ ಹನಿ ಕಣ್ಣೀರಿಗಾಗಿ ಪಾಪಿಯೊಬ್ಬನ ಆತ್ಮವು ನರಕದ ಕೈತಪ್ಪಿಹೋದ ಪ್ರಸಂಗವದು. ಕಣ್ಣೀರಿನ ಗೀತಕ್ಕೆ ಕಣ್ಣೀರಿನ ಕಥೆ! ಮುಂದೆ ನಾಯಕನು ಹೆಂಡತಿಯ ಸೋದರನೊಡನೆ ಧೂಳಿನಲ್ಲಿ ಹೊರಳಾಡಿ ಕಾದುವಾಗ ಅದೇ ವೃಂದಗೀತವು ಮರಳುತ್ತದೆ. ಬೀದಿಜಗಳಕ್ಕೆ ಇದೇಕೆಂದು ಮುಖ ಸಿಂಡರಿಸಿಕೊಂಡವರುಂಟು. ಆದರೆ ಯಾರೂ ಅಳದ ಒಬ್ಬ ಮನುಷ್ಯನಿಗಾಗಿ ಸಂಗೀತವು ಅಳುತ್ತಿದೆ ಎಂಬುದು ಅಲ್ಲಿ ಸ್ಪಷ್ಟ. ಕೊನೆಗೆ ಅವನು ಪೋಲೀಸರಿಂದ ಓಡುತ್ತ ಬೀದಿಯಲ್ಲಿ ಬಿದ್ದು ಸಾಯುವಾಗ ಜೊತೆಗಾರ ಕಳ್ಳನು ಬೇಡಿ ತೊಟ್ಟ ಕೈಗಳಿಂದಲೇ ಶಿಲುಬೆಯ ಗುರುತು ಮಾಡುತ್ತಾನೆ. ಮೊದಲೇ ಹಾಡಿದ ಮಂಗಳಕ್ಕೆ ಅಲ್ಲಿ ಅರ್ಥ ಕೂಡಿಬರುತ್ತದೆ.

‘ಕೆಸಿನೊ’ವಿನಲ್ಲಿ ಕೀಲು ಬೇರೆ. ಉರಿಯಲ್ಲಿ ಬಿದ್ದವನು ಸತ್ತಿಲ್ಲ! ಪೀಠದ ಅಡಿಯಲ್ಲಿದ್ದ ಲೋಹದ ತಗಡೊಂದು ರಾಥ್‌ಸ್ಟೈನನನ್ನು ಉಳಿಸಿತೆಂಬುದು ಚಿತ್ರದ ಕೊನೆಗೆ ತಿಳಿಯುತ್ತದೆ. ಈ ಪಾತ್ರಕ್ಕೆ ಮೂಲನಾದ ಫ್ರ್ಯಾಂಕ್ ರೋಸೆಂತಾಲನೂ 1982ರಲ್ಲಿ ಇಂತಹ ಸ್ಫೋಟದಿಂದ ಪಾರಾದವನೇ. ಹಾಗಾದರೆ ಸಮಾಧಿಗೀತವನ್ನು ಬದುಕಿದವನಿಗೆ ಹಾಡಿದಂತಾಯಿತು. ಇದನ್ನು ನಿರ್ದೇಶಕನ ಕುಚೋದ್ಯವೆಂದು ತಳ್ಳಬಹುದಾಗಿತ್ತು, ಆ ಗೀತವು ಕೊನೆಯಲ್ಲಿ ಮತ್ತೆ ಬಾರದಿದ್ದರೆ. ಕೂಟದವರು ಒಬ್ಬರನ್ನೊಬ್ಬರು ಕೊಂದು ಮುಗಿದ ಮೇಲೆ ಹಳೆಯ ಜೂಜುಮಂದಿರಗಳನ್ನು ಮದ್ದಿಟ್ಟು ಕೆಡವುತ್ತಾರೆ. ಆಗ ಬಾಖನ ವೃಂದವು ಪುನಃ ಏಳುತ್ತದೆ. ಗೋರಿಯು ಮನುಷ್ಯನದಲ್ಲ, ನಗರದ್ದು ಎಂಬುದು ಆಗ ಹೊಳೆಯುತ್ತದೆ. ಆದರೂ ಪಾಸೊಲೀನಿಯ ಕರುಣವು ಇಲ್ಲಿಲ್ಲ. ಪಾತಕಿಗಳ ಸೊತ್ತಾಗಿದ್ದ ಸ್ವರ್ಗವೊಂದು ಹಾಳಾಯಿತೆಂದು ಮರುಗಬೇಕೊ, ನಗಬೇಕೊ ನಿರ್ದೇಶಕನು ಹೇಳುವುದಿಲ್ಲ, ಎರಡನ್ನೂ ಬಯಸುತ್ತಾನೆ. ಆ ಎರಡರ ನಡುವೆ ಪ್ರೇಕ್ಷಕನೇ ಲೈಪ್ಸಿಗಿನ ಸಮೂಹದ ಸ್ಥಾನದಲ್ಲಿ ಕುಳಿತಿರುತ್ತಾನೆ. ಮೂರು ಗಂಟೆಗಳ ಕಾಲ ಹಣದ ಹೊಳಪನ್ನು ಕಣ್ತುಂಬ ನೋಡಿ ಸುಖಪಟ್ಟವನು ಅವನೇ ಅಲ್ಲವೆ? ಇಷ್ಟರಮಟ್ಟಿಗೆ ಗೀತದ ಹಳೆಯ ಆರೋಪವು ಹೊಸ ಸಭೆಗೂ ತಟ್ಟುತ್ತದೆ.

ಅತ್ತ ರಾಥ್‌ಸ್ಟೈನನು ದೊಡ್ಡ ಕನ್ನಡಕವನ್ನು ಧರಿಸಿ, ಸ್ಯಾನ್ ಡಿಯೇಗೊದ ಮನೆಯಲ್ಲಿ ಪುನಃ ಪಂದ್ಯಗಳ ಲೆಕ್ಕ ಹಾಕುತ್ತ ಕುಳಿತಿದ್ದಾನೆ.