ಲೆಕ್ಕ ಬಲ್ಲವರು, ಸಹಿ ಹಾಕುವವರು: ಮನೆ ಮಾರುವ ನಿರ್ಧಾರ, ಮಿತಾಕ್ಷರೆ ಮತ್ತು ‘ಗೃಹಭಂಗ’

ಸಾಲ ತೀರಿಸುವುದಕ್ಕಾಗಿ ಹಿರಿಯರ ಮನೆಯನ್ನು ಮಾರಬಹುದೇ, ಮಾರುವುದಾದರೆ ಹಾಗೆಂದು ತೀರ್ಮಾನಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಗೆ ಬಂಗಾಳದಂತಹ ಕೆಲವು ಪ್ರದೇಶಗಳನ್ನು ಬಿಟ್ಟರೆ ಭಾರತದ ಬಹುಭಾಗದ ಹಿಂದೂ ಅವಿಭಕ್ತ ಕುಟುಂಬಗಳು ಶತಮಾನಗಳ ಕಾಲ ಉತ್ತರ ಪಡೆದದ್ದು ಕನ್ನಡ ನೆಲದಲ್ಲಿ ಹುಟ್ಟಿದ ಒಂದು ಗ್ರಂಥದಿಂದ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವು ಆರನೆಯ ವಿಕ್ರಮಾದಿತ್ಯನ (1076–1126) ರಾಜಧಾನಿಯಾಗಿದ್ದ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನವೇ ಆ ‘ಮಿತಾಕ್ಷರಾ’. ಕನ್ನಡದ ವಿದ್ವತ್ತು ಈ ಗ್ರಂಥಕಾರನ ಕಾಲದೇಶಗಳ ಬಗ್ಗೆ ಅಭಿಮಾನದಿಂದ ಬರೆದಿದೆ. ಆದರೆ ಮನೆ ಮುರಿಯುವ ಹೊತ್ತಿನ ಬಗ್ಗೆ ಅವನು ಹೇಳಿದ್ದೇನು ಎಂಬುದನ್ನು ಸಾಹಿತ್ಯ ವಿಮರ್ಶೆಯು ತನ್ನ ವಿಷಯವೆಂದು ಬಹುಮಟ್ಟಿಗೆ ಭಾವಿಸಿಲ್ಲ.

ವಿಜ್ಞಾನೇಶ್ವರನ ಮೂಲಭೂತ ನಿಲುವು ಪ್ರಸಿದ್ಧವಾದುದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹಕ್ಕು ಬರುವುದು ತಂದೆಯ ಮರಣದಿಂದಲ್ಲ, ತನ್ನ ಹುಟ್ಟಿನಿಂದ. ಹಾಗಾಗಿ ತಂದೆಯಾದವನು ಮನೆಯ ಏಕಮಾತ್ರ ಒಡೆಯನಲ್ಲ. ಇನ್ನೂ ಮಾತು ಬಾರದ ಕೂಸು ಕೂಡ ಅವನೊಂದಿಗೆ ಸಮಾನ ಬಾಧ್ಯಸ್ಥ. ಹಾಗಿದ್ದರೆ ಸಾಲಗಾರ ಬಾಗಿಲಿಗೆ ಬಂದು ನಿಂತಾಗ ಮಾಡುವುದೇನು? ಇಲ್ಲಿ ವ್ಯಾಖ್ಯಾನಕಾರನು ಬೃಹಸ್ಪತಿಯ ವಚನವೊಂದನ್ನು ಆಧರಿಸುತ್ತಾನೆ. ಆಪತ್ತು, ಕುಟುಂಬದ ಪೋಷಣೆ, ಧರ್ಮಕಾರ್ಯ ಈ ಮೂರು ಸಂದರ್ಭಗಳಲ್ಲಿ ಒಬ್ಬನೇ ಸದಸ್ಯನು ಸ್ಥಿರಾಸ್ತಿಯನ್ನು ದಾನ, ಅಡವು ಅಥವಾ ಮಾರಾಟ ಮಾಡಬಹುದು. ಆದರೆ ಈ ಅನುಮತಿಗೆ ವಿಜ್ಞಾನೇಶ್ವರನು ಬಿಗಿಯಾದ ಅಂಚು ಕಟ್ಟಿದ್ದಾನೆ. ಉಳಿದ ಮಕ್ಕಳೋ ಸೋದರರೋ ಅಪ್ರಾಪ್ತರಾಗಿದ್ದು ಒಪ್ಪಿಗೆ ಕೊಡಲಾರದ ಸ್ಥಿತಿಯಲ್ಲಿದ್ದಾಗ ಮಾತ್ರ, ಅದೂ ಇಡೀ ಕುಟುಂಬವನ್ನು ವ್ಯಾಪಿಸಿದ ಆಪತ್ತು ಒದಗಿದಾಗ ಮಾತ್ರ, ಸಮರ್ಥನಾದವನು ಒಬ್ಬನೇ ಮುಂದುವರಿಯಬಹುದು. ಒಬ್ಬನ ಆಪತ್ತು ಕುಟುಂಬದ ಆಪತ್ತಲ್ಲ ಎಂಬ ಸೂಕ್ಷ್ಮ ಇಲ್ಲಿ ಅಡಗಿದೆ.

ಇದಕ್ಕಿಂತ ಕುತೂಹಲಕರವಾದುದು ಮಾರಾಟದ ವಿಧಿ. ಸ್ಥಿರಾಸ್ತಿಗೆ ಮಾರಾಟವೇ ಇಲ್ಲ, ಅನುಮತಿ ಪಡೆದು ಅಡವಿಡಬಹುದಷ್ಟೆ ಎಂಬ ಹಳೆಯ ನಿಷೇಧವನ್ನು ವ್ಯಾಖ್ಯಾನವು ಮರೆಯುವುದಿಲ್ಲ. ಮಾರಲೇಬೇಕಾಗಿ ಬಂದರೆ ಬಂಗಾರ ಮತ್ತು ನೀರನ್ನು ಕೊಟ್ಟು ದಾನದ ರೂಪದಲ್ಲಿ ಮಾರಬೇಕು. ಗ್ರಾಮ, ಜ್ಞಾತಿಗಳು, ನೆರೆಯವರು, ದಾಯಾದಿಗಳು ಇವರೆಲ್ಲರ ಒಪ್ಪಿಗೆಯ ಮಾತೂ ಬರುತ್ತದೆ. ಗ್ರಾಮದ ಒಪ್ಪಿಗೆ ವ್ಯವಹಾರ ಬಹಿರಂಗವಾಗಲೆಂದು, ನೆರೆಯವರ ಒಪ್ಪಿಗೆ ಗಡಿಯ ತಂಟೆ ಬಾರದಿರಲೆಂದು ಅವನು ವಿವರಿಸುತ್ತಾನೆ. ಇದು ಆಧುನಿಕ ಅರ್ಥದ ಪ್ರಜಾಸತ್ತೆಯಲ್ಲ. ಆದರೂ ಮನೆ ಮಾರುವುದು ಮುಚ್ಚಿದ ಕೋಣೆಯಲ್ಲಿ ನಡೆಯುವ ಕೆಲಸವಾಗಬಾರದೆಂಬ ಎಚ್ಚರ ಇದರಲ್ಲಿದೆ. ಆ ಬಹಿರಂಗದ ವೃತ್ತದಲ್ಲಿ ಕಾಣದಿರುವವಳು ಒಬ್ಬಳೇ: ಆ ಮನೆಯಲ್ಲಿ ಒಲೆ ಹಚ್ಚುವವಳು. ಪತಿಯ ಮರಣಾನಂತರದ ವಿಭಾಗದಲ್ಲಿ ತಾಯಿಗೆ ಪಾಲು ಕೊಡಿಸುವಷ್ಟು ಉದಾರನಾದ ವಿಜ್ಞಾನೇಶ್ವರನೂ, ವಿಕ್ರಯಕ್ಕೆ ಸಮ್ಮತಿ ಕೊಡುವವರಲ್ಲಿ ಅವಳನ್ನು ಪ್ರತ್ಯೇಕವಾಗಿ ನಿಲ್ಲಿಸುವುದಿಲ್ಲ.

ಕೋಲ್‌ಬ್ರೂಕನು 1810ರಲ್ಲಿ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಬಳಿಕ ಈ ಪಠ್ಯ ವಸಾಹತುಶಾಹಿ ನ್ಯಾಯಾಲಯಗಳ ಕೈಗೆ ಹೋಯಿತು. ಹನುಮಾನ್ ಪ್ರಸಾದ್ ಪಾಂಡೆ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ 1856ರಲ್ಲಿ ಕೊಟ್ಟ ತೀರ್ಪು ‘ನ್ಯಾಯಸಮ್ಮತ ಅಗತ್ಯ’ ಎಂಬ ಪರಿಕಲ್ಪನೆಯನ್ನು ಸ್ಥಿರಗೊಳಿಸಿತು. ಸಾಲ ಕೊಡುವವನು ಅಗತ್ಯವಿದೆಯೇ ಎಂದು ಪ್ರಾಮಾಣಿಕವಾಗಿ ವಿಚಾರಿಸಿದ್ದರೆ ಅವನಿಗೆ ರಕ್ಷಣೆ ದೊರೆಯಿತು. ಪ್ರಶ್ನೆಯ ದಿಕ್ಕು ಇಲ್ಲಿ ಸದ್ದಿಲ್ಲದೆ ಬದಲಾದದ್ದನ್ನು ಗಮನಿಸಬೇಕು. ಕಲ್ಯಾಣದಲ್ಲಿ ಕೇಳಿದ್ದು ‘ಯಾರು ಒಪ್ಪಿದರು?’ ಎಂದು, ಲಂಡನ್ನಿನಲ್ಲಿ ಕೇಳಿದ್ದು ‘ಸಾವುಕಾರನು ವಿಚಾರಿಸಿದನೇ?’ ಎಂದು. ಅವನು ವಿಚಾರಿಸುವುದಾದರೂ ಯಾರನ್ನು? ಮನೆಯ ಯಜಮಾನನನ್ನು.

ಈ ಪಲ್ಲಟದ ಫಲವನ್ನು ಕನ್ನಡದಲ್ಲಿ ಅತ್ಯಂತ ನಿರ್ದಾಕ್ಷಿಣ್ಯವಾಗಿ ತೋರಿಸಿದ ಕೃತಿ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970). ಕಾದಂಬರಿಯ ರಾಮಸಂದ್ರವು ಕಲ್ಯಾಣದಿಂದ ಬಹುದೂರದ ತಿಪಟೂರಿನ ಸೀಮೆಯದು, ಕಾಲವೂ ಇಪ್ಪತ್ತನೆಯ ಶತಮಾನದ ಪೂರ್ವಾರ್ಧ. ಆದರೂ ಶಾನುಭೋಗರ ಆ ಮನೆಯನ್ನು ಆಳುವ ನಿಯಮ ಮಿತಾಕ್ಷರೆಯದೇ. ಜಮೀನು ಶಿವೇಗೌಡನಲ್ಲಿ ಅಡವಾಗುತ್ತದೆ, ಸಾಲ ಬೆಳೆಯುತ್ತದೆ, ಮನೆತನ ನೆಲೆ ಕಳೆದುಕೊಳ್ಳುತ್ತದೆ. ಇದನ್ನು ವಿಧಿಯ ಕಥೆಯಾಗಿ, ಬಡತನದ ಕಥೆಯಾಗಿ, ಪ್ಲೇಗಿನ ಕಥೆಯಾಗಿ ಓದಬಹುದು. ಇವೆಲ್ಲ ಸರಿಯೇ. ಆದರೆ ಕೃತಿಯ ನಡುಗಂಬದಂತಿರುವ ಒಂದು ವೈರುಧ್ಯವು ಈ ಓದುಗಳಲ್ಲಿ ಹಿನ್ನೆಲೆಗೆ ಸರಿಯುತ್ತದೆ. ಶಾನುಭೋಗಿಕೆ ಇರುವುದು ಚೆನ್ನಿಗರಾಯನ ಹೆಸರಿನಲ್ಲಿ. ಲೆಕ್ಕ ಬರೆಯುವವಳು ನಂಜಮ್ಮ. ಇಡೀ ಗ್ರಾಮದ ಕಂದಾಯದ ಬಾಕಿಯನ್ನು ಕೈಬೆರಳಲ್ಲಿ ಹಿಡಿದವಳಿಗೆ ತನ್ನ ಮನೆಯ ಸಾಲದ ಮೇಲೆ ಯಾವ ಹಿಡಿತವೂ ಇಲ್ಲ. ಲೆಕ್ಕ ಬಲ್ಲವಳಿಗೆ ಸಹಿಯ ಅಧಿಕಾರವಿಲ್ಲ, ಸಹಿ ಹಾಕುವವನಿಗೆ ಲೆಕ್ಕ ಗೊತ್ತಿಲ್ಲ. ಕುಟುಂಬಾರ್ಥವೆಂದರೇನು ಎಂಬುದನ್ನು ಅರಿತ ಏಕೈಕ ವ್ಯಕ್ತಿ ಕುಟುಂಬದ ಪರವಾಗಿ ಮಾತಾಡಲಾರಳು. ಮುತ್ತುಗದ ಎಲೆ ಹಚ್ಚಿ ಅವಳು ಕೂಡಿಸುವ ಕಾಸು ಪಾಲನೆಯ ಲೆಕ್ಕಕ್ಕೆ ಸೇರುತ್ತದೆಯೇ ಹೊರತು ಒಡೆತನದ ಲೆಕ್ಕಕ್ಕಲ್ಲ.

ಭೈರಪ್ಪನವರ ನಿರೂಪಣೆಯಲ್ಲಿ ಒಂದು ಕೊರತೆಯೂ ಉಂಟು. ಓದುಗನ ಕ್ರೋಧವೆಲ್ಲ ಗಂಗಮ್ಮನ ನಾಲಗೆಯ ಮೇಲೆ, ಚೆನ್ನಿಗರಾಯನ ಹೊಟ್ಟೆಬಾಕತನದ ಮೇಲೆ ಹರಿಯುವಂತೆ ಕಾದಂಬರಿಯ ಹೆಣಿಗೆಯಿದೆ. ಸ್ವಭಾವವೇ ವಿನಾಶದ ಕಾರಣವೆಂದು ತೋರುತ್ತದೆ. ಆದರೆ ವಿಧವೆಯಾದ ಗಂಗಮ್ಮನೂ ಆ ಮನೆಯ ಸಮಬಾಧ್ಯಸ್ಥಳಲ್ಲ. ಅವಳ ಅಬ್ಬರವೆಲ್ಲ ಮಕ್ಕಳ ಹಕ್ಕಿನ ಮೂಲಕವೇ ನಡೆಯಬೇಕು. ಅತ್ತೆ ಸೊಸೆಯರಿಬ್ಬರೂ ತಮ್ಮದಲ್ಲದ ಮನೆಗಾಗಿ ಹೋರಾಡುತ್ತಿರುವಾಗ ಅಡವು ಹಿಡಿದವನು ಕಾನೂನಿನ ನೆರಳಿನಲ್ಲಿ ಸುರಕ್ಷಿತನಾಗಿದ್ದಾನೆ. ಈ ಚೌಕಟ್ಟು ಕಾದಂಬರಿಯ ಘಟನೆಗಳಲ್ಲಿದೆ, ಅದರ ತೀರ್ಪಿನಲ್ಲಿಲ್ಲ.

ಮತ್ತೆ ಬೀದರಿನ ಕಡೆಗೆ ಬಂದರೆ, ಔರಾದ್ ತಾಲ್ಲೂಕಿನ ಎಕಂಬಾದಂತಹ ಊರುಗಳಲ್ಲಿ ಈ ಪ್ರಶ್ನೆ ಪುಸ್ತಕದ್ದಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯ ಸೇರಿದ ಈ ಮಳೆಯಾಶ್ರಿತ ಸೀಮೆ ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡಿದೆ. ಇಲ್ಲಿ ಸಾಲವೂ ಬೀಗತನವೂ ಗಡಿ ನೋಡುವುದಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನ ಪ್ರಕಾರ ಕೃಷಿಕನು ವಾಸವಾಗಿರುವ ಸ್ವಂತ ಮನೆಯನ್ನು ಸಾಮಾನ್ಯ ಹಣದ ಡಿಕ್ರಿಗಾಗಿ ಜಪ್ತಿ ಮಾಡುವಂತಿಲ್ಲ. ಅಂದರೆ ಕೈಸಾಲದ ಸಾವುಕಾರನು ನ್ಯಾಯಾಲಯದ ಮೂಲಕ ಆ ಮನೆಯನ್ನು ಸುಲಭವಾಗಿ ಕಿತ್ತುಕೊಳ್ಳಲಾರ. ಆದರೆ ಮನೆಯನ್ನು ಒಮ್ಮೆ ಗಿರವಿ ಇಟ್ಟರೆ, ಅಥವಾ ಮರ್ಯಾದೆಗೆ ಅಂಜಿ ಮನೆಯವರೇ ಮಾರಲು ಹೊರಟರೆ ಆ ಕಲಮು ಒದಗದು. ಕಾನೂನು ಮನೆಯನ್ನು ಸಾಲಗಾರನಿಂದ ಕಾಯುತ್ತದೆ, ಯಜಮಾನನಿಂದ ಕಾಯುವುದಿಲ್ಲ. ಕೊನೆಯ ನಿರ್ಧಾರ ಹೀಗೆ ಪಡಸಾಲೆಗೇ ಮರಳುತ್ತದೆ.

ಆ ಪಡಸಾಲೆಯಲ್ಲಿ ಯಾರು ಕೂರಬಹುದೆಂಬುದು ಮಾತ್ರ ಬದಲಾಗಿದೆ. ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂದು ಅಂದು ಮದುವೆಯಾಗಿರದ ಹೆಣ್ಣುಮಕ್ಕಳನ್ನು ಹುಟ್ಟಿನಿಂದಲೇ ಸಮಬಾಧ್ಯಸ್ಥರನ್ನಾಗಿಸಿತು. 2005ರ ಕೇಂದ್ರ ತಿದ್ದುಪಡಿ ಮದುವೆಯ ಆ ಷರತ್ತನ್ನೂ ಉಳಿಸಲಿಲ್ಲ. ವಾಸದ ಮನೆಯಲ್ಲಿ ಗಂಡುಮಕ್ಕಳು ಪಾಲಾಗುವವರೆಗೆ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ ಎನ್ನುತ್ತಿದ್ದ 23ನೆಯ ಕಲಮೂ ಅದರೊಂದಿಗೆ ಹೋಯಿತು. ತಿದ್ದುಪಡಿಯ ನಂತರದ ತಂದೆಯ ಸಾಲಕ್ಕೆ ಧರ್ಮಋಣದ ಹೆಸರಿನಲ್ಲಷ್ಟೇ ಮಗನನ್ನು ಹೊಣೆಮಾಡುವ ದಾರಿಯೂ ಮುಚ್ಚಿತು. ತಂದೆ 2005ರಲ್ಲಿ ಬದುಕಿರಲೇಬೇಕಿಲ್ಲವೆಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿತು. ವಿಜ್ಞಾನೇಶ್ವರನ ಜನ್ಮಸ್ವತ್ವದ ತತ್ತ್ವವನ್ನು ಕೈಬಿಡದೆ, ಅವನು ಮಗನಿಗೆ ಹೇಳಿದ್ದನ್ನೇ ಮಗಳಿಗೂ ಅನ್ವಯಿಸಿದ ಬದಲಾವಣೆಯಿದು.

ಇದರಿಂದ ಗಡಿಯಾಚೆಗೆ ಕೊಟ್ಟ ಮಗಳ ಸಹಿಗೂ ಬೆಲೆ ಬಂದಿದೆ. ಉದಗೀರಕ್ಕೋ ದೇಗಲೂರಿಗೋ ಹೋದ ಅಕ್ಕತಂಗಿಯರನ್ನು ಉಪನೋಂದಣಿ ಕಚೇರಿಗೆ ಕರೆಸದೆ ಮನೆ ಕೊಳ್ಳಲು ಎಚ್ಚರವುಳ್ಳವನು ಮುಂದಾಗಲಾರ. ಆದರೆ ಅವರನ್ನು ಕರೆಸುವುದು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಲೆಂದಾದರೆ, ಸಾಲದ ಮೊತ್ತವೆಷ್ಟು, ಬಡ್ಡಿಯೆಷ್ಟು, ಅದು ಯಾರಿಗಾಗಿ ಮಾಡಿದ್ದು ಎಂಬ ವಿವರ ಅವರ ಮುಂದೆ ತೆರೆಯದೆಯೂ ಕೆಲಸ ಮುಗಿದೀತು. ನಂಜಮ್ಮನಿಗೆ ಲೆಕ್ಕವಿತ್ತು, ಸಹಿಯಿರಲಿಲ್ಲ. ಈ ಹೆಣ್ಣುಮಕ್ಕಳಿಗೆ ಸಹಿ ಬಂದಿದೆ. ಲೆಕ್ಕದ ಪುಸ್ತಕ ಇನ್ನೂ ಬಹುಪಾಲು ಅಣ್ಣನ ಕೈಯಲ್ಲೇ ಇದೆ.