ಪೂರ್ವನೋಂದಣಿ ಮತ್ತು ಜಾನಪದ ಕ್ಷೇತ್ರಕಾರ್ಯ: ಕಳಸ ಸೀಮೆಯನ್ನು ಕುರಿತು

ಸಂಶೋಧನೆಯ ಪ್ರಶ್ನೆ, ಪ್ರಾಕ್ಕಲ್ಪನೆ ಹಾಗೂ ವಿಶ್ಲೇಷಣೆಯ ಕ್ರಮವನ್ನು ಮಾಹಿತಿ ಸಂಗ್ರಹಕ್ಕೆ ಮೊದಲೇ ದಾಖಲಿಸಿಡುವುದಕ್ಕೆ ಪೂರ್ವನೋಂದಣಿ ಎಂದು ಹೆಸರು. ಭಾರತದಲ್ಲಿ ಔಷಧ ಪ್ರಯೋಗಗಳಿಗೆ ಇದು 2009ರಿಂದ ಕಡ್ಡಾಯವಾಗಿದೆ. ಮನೋವಿಜ್ಞಾನದ 100 ಅಧ್ಯಯನಗಳನ್ನು ಮರಳಿ ನಡೆಸಿ 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸುಮಾರು ಶೇ. 36ರಷ್ಟರಲ್ಲಿ ಮಾತ್ರ ಗಣನೀಯ ಫಲಿತಾಂಶ ಮತ್ತೆ ದೊರೆಯಿತು. ಈ ಎಚ್ಚರ ಜಾನಪದಕ್ಕೂ ಅನ್ವಯಿಸುವುದೇ ಎಂಬುದು ಇಲ್ಲಿಯ ಪ್ರಶ್ನೆ.

ಅನ್ವಯಿಸದು ಎನ್ನುವವರ ವಾದ ಸುಪರಿಚಿತವಾದುದು. ಮೌಖಿಕ ಪರಂಪರೆಯಲ್ಲಿ ಪ್ರತಿ ಹಾಡುಗಾರಿಕೆಯೂ ಹೊಸ ರಚನೆಯೇ ಎಂಬುದನ್ನು ಆಲ್ಬರ್ಟ್ ಲಾರ್ಡ್ 1960ರಷ್ಟು ಹಿಂದೆಯೇ ತೋರಿಸಿದ್ದಾರೆ. ಒಂದೇ ಪಠ್ಯ ಎರಡು ಬಾರಿ ದೊರೆಯದು, ನಿಜ. ಆದರೆ ಈ ಸ್ವಾತಂತ್ರ್ಯ ಹಾಡುಗಾರರದು, ಸಂಶೋಧಕನದಲ್ಲ.

ಕಳಸದ ಸುತ್ತಲಿನ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ ತುಳು ಪಾಡ್ದನಗಳು ಉಳಿದಿವೆಯೇ ಎಂದು ಒಬ್ಬರು ಅರಸಿ ಹೊರಟರೆಂದು ಭಾವಿಸೋಣ. ಹೆಂಗಸರು ಪಾಡ್ದನ ಹಾಡುವ ಮುಖ್ಯ ಸಂದರ್ಭ ಮಳೆಗಾಲದ ನಾಟಿ. ಕಾಫಿ ಕೊಯ್ಲಿನ ಚಳಿಗಾಲದಲ್ಲಿ ಹೋದವರಿಗೆ ಹಾಡು ಕೇಳಿಸದಿರಬಹುದು. ಅವರು 'ಪರಂಪರೆ ನಶಿಸಿದೆ' ಎಂದು ಬರೆಯಬಹುದು. ಸಿರಿಯ ಕಥೆಯನ್ನೇ ಮತ್ತೆ ಮತ್ತೆ ಕೇಳಿದವರಿಗೆ ಕೊನೆಗೊಮ್ಮೆ ಅದು ದೊರೆಯಲೂಬಹುದು. ಅವರು 'ಜೀವಂತವಾಗಿದೆ' ಎನ್ನಬಹುದು. ಎರಡು ತೀರ್ಮಾನಗಳೂ ವಕ್ತೃಗಳಿಗಿಂತ ಹೆಚ್ಚಾಗಿ ಸಂಗ್ರಾಹಕರನ್ನು ಕುರಿತು ಹೇಳುತ್ತವೆ. ಯಾವ ಋತು, ಎಷ್ಟು ಮನೆ, ಯಾವ ಪ್ರಶ್ನೆ, ಯಾವ ಉತ್ತರ ಬಂದರೆ ಊಹೆ ಸುಳ್ಳಾಗುತ್ತದೆ ಎಂಬುದನ್ನು ಮೊದಲೇ ಬರೆದಿಟ್ಟಿದ್ದರೆ ಓದುಗ ಇದನ್ನು ತೂಗಿ ನೋಡಬಹುದಿತ್ತು.

ಘಟ್ಟದ ಕೆಳಗೆ, ಬೆಳ್ತಂಗಡಿ ತಾಲೂಕಿನಲ್ಲಿ ನಡೆದ ಕೆಲಸವೊಂದು ಇಲ್ಲಿ ಮಾದರಿಯಾಗಬಲ್ಲದು. ಮಾಚಾರು ಗೋಪಾಲ ನಾಯ್ಕರು 1990ರಲ್ಲಿ ಹಾಡಿದ 15,683 ಸಾಲುಗಳ ಸಿರಿ ಮಹಾಕಾವ್ಯವನ್ನು ಲೌರಿ ಹಾಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರೊಡನೆ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. ಅದು ಆಚರಣೆಯ ಹೊರಗೆ, ಸಂಶೋಧಕರ ಕೋರಿಕೆಯ ಮೇರೆಗೆ ಹಾಡಿದ್ದು ಎಂಬುದನ್ನು ಅವರು ಮರೆಮಾಚಲಿಲ್ಲ. ಪಠ್ಯ ರೂಪುಗೊಂಡ ಬಗೆಯನ್ನೇ ಪ್ರತ್ಯೇಕ ಗ್ರಂಥವಾಗಿಸಿದರು. ಇದು ಪೂರ್ವನೋಂದಣಿಯಲ್ಲ. ಆದರೂ ಮುಂದಿನವರು ಅದೇ ದಾರಿಯಲ್ಲಿ ಮರಳಿ ನಡೆದು ನೋಡಲು ಇದರಿಂದ ಸಾಧ್ಯವಾಗುತ್ತದೆ.

ಪೂರ್ವನೋಂದಣಿ ಅನಿರೀಕ್ಷಿತಕ್ಕೆ ಬಾಗಿಲು ಮುಚ್ಚುವುದೆಂಬ ಭಯಕ್ಕೆ ಕಾರಣವಿಲ್ಲ. ಅನಿರೀಕ್ಷಿತವಾಗಿ ದೊರೆತದ್ದನ್ನು ಹಾಗೆಂದೇ ಗುರುತಿಸಬೇಕು ಎನ್ನುವುದಷ್ಟೇ ಅದರ ಅಪೇಕ್ಷೆ. ನಮ್ಮ ಸಂಕಲನಗಳು ದೊರೆತ ಹಾಡುಗಳ ಜೊತೆಗೆ ದೊರೆಯದ ಮನೆಗಳ ಲೆಕ್ಕವನ್ನೂ ಕೊಡುವಂತಾದರೆ, ಜಾನಪದ ತನ್ನ ಶಾಸ್ತ್ರವೆಂಬ ಹೆಸರಿಗೆ ಹೆಚ್ಚು ಅರ್ಹವಾಗುತ್ತದೆ.