ಹಾಲೆ ತೊಗಟೆಯ ಪರೀಕ್ಷೆ: ಯಾವ ಪ್ರಶ್ನೆಗೆ ಉತ್ತರ?

ಕಡಬ ತಾಲ್ಲೂಕಿನ ಕೋಡಿಂಬಾಳವೂ ಸೇರಿದಂತೆ ತುಳುನಾಡಿನ ಊರುಗಳಲ್ಲಿ ಆಟಿ ಅಮಾವಾಸ್ಯೆಯ ದಿನ ಬರಿಹೊಟ್ಟೆಯಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿಯುವ ರೂಢಿ ಇದೆ. ತುಳುವಿನಲ್ಲಿ ಇದು ಪಾಲೆ. ಸಸ್ಯಶಾಸ್ತ್ರದಲ್ಲಿ ಆಲ್‌ಸ್ಟೋನಿಯ ಸ್ಕಾಲರಿಸ್. (ಇದರ ಮರದಿಂದ ಶಾಲಾಮಕ್ಕಳ ಬರೆಯುವ ಹಲಗೆ ಮಾಡುತ್ತಿದ್ದುದರಿಂದ 'ಸ್ಕಾಲರಿಸ್' ಎಂಬ ಹೆಸರು.) ಸೂರ್ಯೋದಯಕ್ಕೆ ಮುಂಚೆ ಕಲ್ಲಿನಿಂದ ಜಜ್ಜಿ ತೆಗೆದ ತೊಗಟೆಯನ್ನು ಕರಿಮೆಣಸು, ಬೆಳ್ಳುಳ್ಳಿ, ಓಮದೊಂದಿಗೆ ಅರೆದು ರಸ ಹಿಂಡುತ್ತಾರೆ. ಚೆನ್ನಾಗಿ ಕಾಯಿಸಿದ ಬೆಣಚುಕಲ್ಲನ್ನು ಅದರಲ್ಲಿ ಅದ್ದುತ್ತಾರೆ. ಕುಡಿದ ಮೇಲೆ ಮೆಂತೆ ಗಂಜಿ. ಮಳೆಗಾಲದ ಜ್ವರ ಬಾರದಿರಲಿ ಎಂಬುದು ಉದ್ದೇಶ. ಆ ಒಂದು ದಿನ ಮರದಲ್ಲಿ ನೂರಾರು ಔಷಧಗಳು ಕೂಡಿರುತ್ತವೆ ಎಂಬುದು ನಂಬಿಕೆ.

ಇದೆಲ್ಲ 'ವೈಜ್ಞಾನಿಕವಾಗಿ ಸಾಬೀತಾಗಿದೆ' ಎಂಬ ಮಾತನ್ನು ನೀವು ಓದಿರಬಹುದು. ಸಾಬೀತಾಗಿರುವುದು ಏನು?

ಗಿಡಮೂಲಿಕೆಗಳ ಬಗ್ಗೆ ಕಾಲೇಜುಗಳಲ್ಲಿ ನಡೆಯುವ ಪ್ರಯೋಗಗಳ ಕ್ರಮ ಬಹುಮಟ್ಟಿಗೆ ಒಂದೇ. ಒಣಗಿಸಿದ ಪುಡಿಯನ್ನು ಸಾಕ್ಸ್‌ಲೆಟ್ ಉಪಕರಣದಲ್ಲಿ ಮೆಥನಾಲ್‌ನೊಂದಿಗೆ ಗಂಟೆಗಟ್ಟಲೆ ಕಾಯಿಸಿ ಸಾರ ತೆಗೆಯುತ್ತಾರೆ. ಸಾರ ಹೀರಿದ ಕಾಗದದ ಬಿಲ್ಲೆಯನ್ನು ಬ್ಯಾಕ್ಟೀರಿಯ ಹರಡಿದ ಅಗರ್ ತಟ್ಟೆಯ ಮೇಲಿಡುತ್ತಾರೆ. ಮರುದಿನ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯ ಬೆಳೆಯದ ವಲಯ ಕಂಡರೆ ಅದರ ವ್ಯಾಸವನ್ನು ಅಳೆದು, ಸಾಂಪ್ರದಾಯಿಕ ಬಳಕೆಗೆ ಆಧಾರ ದೊರೆಯಿತು ಎಂದು ಬರೆಯುತ್ತಾರೆ.

ಈ ಕೊನೆಯ ವಾಕ್ಯವನ್ನು ಒಪ್ಪಲಾಗದು. ತುಳುನಾಡಿನವರು ಮೆಥನಾಲ್ ಸಾರವನ್ನು ಕುಡಿಯುವುದಿಲ್ಲ. ಹಸಿ ತೊಗಟೆಯ ರಸವನ್ನು, ಕಾದ ಕಲ್ಲಿನಿಂದ ಕ್ಷಣಕಾಲ ಬಿಸಿಯಾದದ್ದನ್ನು ಕುಡಿಯುತ್ತಾರೆ. ಇನ್ನು ಪ್ರಮಾಣ. ಹೋಲಿಕೆಗೆ ಇಡುವ ಸಿಪ್ರೊಫ್ಲಾಕ್ಸಾಸಿನ್ ಬಿಲ್ಲೆಯಲ್ಲಿ ಇರುವುದು 5 ಮೈಕ್ರೊಗ್ರಾಂ. ಸಸ್ಯಸಾರದ ಬಿಲ್ಲೆಯಲ್ಲಿ 5 ಮಿಲಿಗ್ರಾಂ ಇದ್ದರೆ ಅದು ಸಾವಿರ ಪಟ್ಟು. ಎರಡೂ ವಲಯಗಳು ಸಮನಾಗಿ ಕಂಡರೂ ಶಕ್ತಿ ಸಮನಲ್ಲ. ಅಗರ್‌ನಲ್ಲಿ ಸುಲಭವಾಗಿ ಹರಡುವ ವಸ್ತು ದೊಡ್ಡ ವಲಯವನ್ನೂ ಹರಡದ ವಸ್ತು ಚಿಕ್ಕ ವಲಯವನ್ನೂ ಕೊಡುತ್ತದೆ ಎಂಬುದನ್ನೂ ಮರೆಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹಾಲೆಗೆ ಹೆಸರು ಬಂದಿರುವುದು ಮಲೇರಿಯದಂಥ ಜ್ವರಗಳ ಔಷಧವಾಗಿ. ಮಲೇರಿಯ ತರುವುದು ಪ್ಲಾಸ್ಮೋಡಿಯಂ. ಅದು ಬ್ಯಾಕ್ಟೀರಿಯವೇ ಅಲ್ಲ.

ಸರಿಯಾದ ಪ್ರಶ್ನೆಯನ್ನು ಕೇಳಿದವರೂ ಇದ್ದಾರೆ. 1990ರಲ್ಲಿ ಗಾಂಧಿ ಮತ್ತು ವಿನಾಯಕ್ ಮಲೇರಿಯ ಸೋಂಕಿದ ಇಲಿಗಳಿಗೆ ಹಾಲೆ ತೊಗಟೆಯ ಸಾರ ಕೊಟ್ಟು ನೋಡಿದರು. ಪರಾವಲಂಬಿಯ ಮೇಲೆ ಪರಿಣಾಮ ಕಾಣಲಿಲ್ಲ. ಆದರೆ ಮೆಥನಾಲ್ ಸಾರ ಪಡೆದ ಇಲಿಗಳ ಸ್ಥಿತಿ ಪ್ರಮಾಣಕ್ಕೆ ತಕ್ಕಂತೆ ಸುಧಾರಿಸಿತು, ಸಾವು ತಡವಾಯಿತು. 1993ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಹಾಲೆಯ ಮುಖ್ಯ ಆಲ್ಕಲಾಯ್ಡ್ ಎಕಿಟಮೀನ್, ಕ್ಲೋರೊಕ್ವಿನ್‌ಗೆ ಹೋಲಿಸಿದರೆ ಬಹಳ ದುರ್ಬಲವೆಂದು ಕಂಡಿತು. 'ಇಲ್ಲ' ಎಂಬ ಇಂಥ ಉತ್ತರಗಳು ಪತ್ರಿಕೆಗಳ ತಲೆಬರಹಕ್ಕೆ ಬರುವುದಿಲ್ಲ. ನನ್ನ ದೃಷ್ಟಿಯಲ್ಲಿ ಹತ್ತು ಅಗರ್ ತಟ್ಟೆಗಳಿಗಿಂತ ಇವೇ ಹೆಚ್ಚು ಬೆಲೆಯುಳ್ಳವು.

ದ್ರಾವಕವನ್ನು ಬದಲಿಸುವುದೇ ತಪ್ಪೆಂದಲ್ಲ. ಚೀನದ ತು ಯೂಯೂ ಆರ್ಟೆಮಿಸಿಯ ಗಿಡವನ್ನು ಪರೀಕ್ಷಿಸುತ್ತಿದ್ದಾಗ ಫಲಿತಾಂಶ ಒಮ್ಮೆ ಇದ್ದಂತೆ ಇನ್ನೊಮ್ಮೆ ಇರುತ್ತಿರಲಿಲ್ಲ. ನಾಲ್ಕನೆಯ ಶತಮಾನದ ಗೆ ಹೊಂಗ್‌ನ ಗ್ರಂಥದಲ್ಲಿ ಗಿಡವನ್ನು ಕುದಿಸದೆ, ನೀರಿನಲ್ಲಿ ನೆನೆಸಿ ಹಿಂಡಬೇಕೆಂದಿತ್ತು. ಬಿಸಿಯೇ ಗುಣವನ್ನು ಕೆಡಿಸುತ್ತಿರಬಹುದೆಂದು ಊಹಿಸಿ ಅವರು ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿದರು. 1971ರ ಅಕ್ಟೋಬರ್‌ನಲ್ಲಿ 191ನೇ ಸಂಖ್ಯೆಯ ಸಾರ ಇಲಿಗಳ ಮಲೇರಿಯವನ್ನು ಪೂರ್ತಿ ತಡೆಯಿತು. ರೋಗಿಗಳ ಮೇಲಿನ ಪರೀಕ್ಷೆ ನಡೆದದ್ದು 1972ರಲ್ಲಿ. 2015ರಲ್ಲಿ ನೊಬೆಲ್ ಬಹುಮಾನ ಬಂತು. ಅವರು ಸಂಪ್ರದಾಯ ಹೇಳಿದ ವಿಧಾನವನ್ನು ಗಮನವಿಟ್ಟು ಓದಿದ್ದರು, ಪರೀಕ್ಷಿಸಿದ್ದು ಮಲೇರಿಯವನ್ನೇ.

ಹಾಲೆಯ ವಿಷಯದಲ್ಲಿ ನಂಬಿಕೆಯ ತಿರುಳೇ ಆ ದಿನ. ಸಸ್ಯಗಳಲ್ಲಿ ಆಲ್ಕಲಾಯ್ಡ್ ಪ್ರಮಾಣ ಋತುವಿಗೆ ತಕ್ಕಂತೆ ಬದಲಾಗಬಲ್ಲದು. ಆದರೆ ಅಮಾವಾಸ್ಯೆಯ ತೊಗಟೆಯೊಂದನ್ನೇ ಪರೀಕ್ಷಿಸಿದರೆ ಏನೂ ತಿಳಿಯದು. ಅದೇ ಮರಗಳಿಂದ ಒಂದು ತಿಂಗಳು ಮುಂಚೆ, ಹಿಂದಿನ ದಿನ, ಆ ದಿನ, ಒಂದು ತಿಂಗಳ ನಂತರ ಸ್ವಲ್ಪಸ್ವಲ್ಪವೇ ತೊಗಟೆ ತೆಗೆದು, ದಿನಾಂಕದ ಬದಲು ಸಂಕೇತ ಬರೆದು, ಅದನ್ನು ಅರಿಯದವರಿಂದ ಅಳೆಸಬೇಕು. ಕಬ್ಬಿಣ ತಾಗಬಾರದು ಎಂಬ ನಿಯಮವನ್ನಂತೂ ಶಾಲೆಯಲ್ಲೇ ಪರೀಕ್ಷಿಸಬಹುದು: ತೊಗಟೆಯ ರಸಕ್ಕೆ ಫೆರಿಕ್ ಕ್ಲೋರೈಡ್ ಹನಿ ಹಾಕಿ. ಟ್ಯಾನಿನ್ ಇದ್ದರೆ ರಸ ಕಪ್ಪುನೀಲಿಗೋ ಕಪ್ಪುಹಸಿರಿಗೋ ತಿರುಗುತ್ತದೆ. ರಸದ ರುಚಿ ನೋಡುವುದು ಬೇಡ.

ಏಕೆಂದರೆ ಅದೇ ಕಾಡುಗಳಲ್ಲಿ ಕಾಸರಕವೂ ಬೆಳೆಯುತ್ತದೆ. ಅದರ ತೊಗಟೆಯಲ್ಲಿ ಸ್ಟ್ರಿಕ್ನೀನ್ ಮತ್ತು ಬ್ರೂಸೀನ್ ಎಂಬ ಮಾರಕ ವಿಷಗಳಿವೆ. ನಸುಕಿನ ಕತ್ತಲಲ್ಲಿ ಮರ ಅದಲುಬದಲಾದರೆ ಕಷಾಯವೇ ಪ್ರಾಣ ತೆಗೆಯಬಹುದು. ಹಾಲೆಯ ಎಲೆಗಳು ಗೆಣ್ಣಿಗೆ ನಾಲ್ಕರಿಂದ ಏಳು, ಸುತ್ತಿನಲ್ಲಿ ಇರುತ್ತವೆ, ಗಾಯ ಮಾಡಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕದ ಎಲೆಗಳು ಎದುರುಬದುರು, ಹಾಲಿಲ್ಲ. ಮರವನ್ನು ಹಿಂದಿನ ದಿನ ಹಗಲಿನಲ್ಲೇ ಗುರುತಿಸಬೇಕು. ಪ್ರಯೋಗಾಲಯಕ್ಕೂ ಇದೇ ಮಾತು: ಬರಿಯ ತೊಗಟೆಯ ತುಂಡನ್ನು ನೋಡಿ ಮರ ಯಾವುದೆಂದು ಖಚಿತಪಡಿಸುವುದು ಕಷ್ಟ. ಹೂವಿರುವ ರೆಂಬೆಯ ಒಣಮಾದರಿ ಬೇಕು. ಹಾಲೆ ಆಟಿಯಲ್ಲಿ ಹೂ ಬಿಡುವುದಿಲ್ಲ. ಆದ್ದರಿಂದ ತೊಗಟೆ ತೆಗೆದ ಮರಕ್ಕೆ ಗುರುತು ಹಾಕಿ, ಮಳೆ ನಿಂತ ಮೇಲೆ ಹೂವಿಗಾಗಿ ಮತ್ತೊಮ್ಮೆ ಅಲ್ಲಿಗೆ ಹೋಗಬೇಕು.